ಮುದ್ರೆ ಬಿದ್ದ ಕಪ್ಪೆ

ಪೆಟ್ಟಿಗೆಯೊಂದು ಕಣ್ಣಿಗೆ ಬಿದ್ದರೆ ಲೋಕದ ಜನರೆಲ್ಲ ಅದನ್ನು ತೆರೆದು ನೋಡಲು ಹಾತೊರೆಯುತ್ತಾರೆ. ಸೀಲಪ್ಪನವರು ಮಾತ್ರ ಅದನ್ನು ಮುಚ್ಚಲು ಹಾತೊರೆಯುತ್ತಿದ್ದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಪಾರ್ಸೆಲ್ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು, ಮೋಂಬತ್ತಿಯ ಉರಿಗೆ ಅರಗಿನ ಕಡ್ಡಿ ಹಿಡಿದು, ಹುರಿಯ ಗಂಟಿನ ಮೇಲೆ ನಾಲ್ಕು ತೊಟ್ಟು ಬೀಳಿಸಿ, ಹಿತ್ತಾಳೆಯ ಮುದ್ರೆಯನ್ನು ಒದ್ದೆ ಬಟ್ಟೆಗೆ ತಾಗಿಸಿ ಒತ್ತುವುದೇ ಅವರ ಉದ್ಯೋಗ. ಮುದ್ರೆಯ ನಂಬರು ಹದಿನಾಲ್ಕು. ಆ ಕಚೇರಿಯಿಂದ ಹೊರಟ ಪಾರ್ಸೆಲುಗಳು ದಾರಿಯಲ್ಲಿ ಕಳೆದುಹೋದದ್ದುಂಟು, ನೆನೆದು ಮುದ್ದೆಯಾದದ್ದುಂಟು, ಬೇರೆ ಊರಿಗೆ ಹೋಗಿ ಅಲ್ಲೇ ನೆಲೆಸಿದ್ದುಂಟು. ಆದರೆ ಹದಿನಾಲ್ಕರ ಮುದ್ರೆ ಬಿಟ್ಟುಕೊಂಡದ್ದು ಒಂದೂ ಇಲ್ಲ. ಹೆತ್ತವರು ಇಟ್ಟ ಹೆಸರು ಅವರಿಗೂ ಒಂದಿತ್ತು. ಅದನ್ನು ಹಾಜರಿ ಪುಸ್ತಕ ಮಾತ್ರ ನೆನಪಿಟ್ಟುಕೊಂಡಿತ್ತು. ಬೀದಿಗೆಲ್ಲ ಅವರು ಸೀಲಪ್ಪ.

ಕೈಗೆ ಅಂಟಿದ ಕೆಲಸ ಮನೆಗೂ ಬರುತ್ತಿತ್ತು. ಸಕ್ಕರೆ ಡಬ್ಬಿಗೆ ಅವರು ಅಡ್ಡ ಎರಡು, ಉದ್ದ ಎರಡು ಸುತ್ತು ಹುರಿ ಬಿಗಿದು ಇಡುತ್ತಿದ್ದರು. ಬೆಳಗಿನ ಕಾಫಿಗೆ ಅವರ ಹೆಂಡತಿ ಕತ್ತರಿ ಹಿಡಿದುಕೊಂಡು ಅಡುಗೆಮನೆಗೆ ಹೋಗಬೇಕಾಗಿತ್ತು.

"ರೀ, ಇದು ಸಕ್ಕರೆ. ಇದನ್ನ ಯಾರಿಗೂ ಕಳಿಸ್ಬೇಕಾಗಿಲ್ಲ."

"ಇರುವೆ ಬರತ್ತೆ ಕಣೇ."

"ಇರುವೆ ನಿಮ್ಮ ಗಂಟು ಬಿಚ್ಚಕ್ಕೆ ಕಲಿತು ಆರು ತಿಂಗಳಾಯ್ತು. ನನಗೇ ಇನ್ನೂ ಬಂದಿಲ್ಲ."

ಇಂಥ ಮನುಷ್ಯ ಮುಚ್ಚದೆ ಬಿಟ್ಟದ್ದು ಜಗತ್ತಿನಲ್ಲಿ ಒಂದೇ ಒಂದು ಪೆಟ್ಟಿಗೆ. ಅದರಲ್ಲಿ ಅವರದೂ ಮಗಳದೂ ಆಟಿಕೆಗಳಿದ್ದವು. ಮಗಳಿಗೆ ಒಂಬತ್ತು ವರ್ಷ. ಗುಜರಿ ಅಂಗಡಿಯಲ್ಲಿ ಸಿಕ್ಕಿದ ಹಳೆಯ ತಗಡಿನ, ಕೀ ಕೊಟ್ಟರೆ ನಡೆಯುವ ಆಟಿಕೆಗಳನ್ನು ಅಪ್ಪ ಮಗಳು ಸೇರಿ ಕೂಡಿಹಾಕಿದ್ದರು. ಹದಿನೇಳು ಇದ್ದವು. ತಲೆಯಿಲ್ಲದ ಸಿಪಾಯಿ, ಹಿಂದಕ್ಕೆ ಮಾತ್ರ ಹೋಗುವ ಕಾರು, ಒಂದೇ ಕೈಯಲ್ಲಿ ಚಪ್ಪಾಳೆ ಹೊಡೆಯಲು ಒದ್ದಾಡುವ ಕೋತಿ. ಪ್ರತಿ ಭಾನುವಾರ ಮೂರು ಗಂಟೆಗೆ ಎಲ್ಲಕ್ಕೂ ಕೀ ಕೊಟ್ಟು ನಡುಮನೆಯಲ್ಲಿ ಒಟ್ಟಿಗೆ ಬಿಡುವುದು. ಕೊನೆಯವರೆಗೂ ಯಾವುದು ಅಲ್ಲಾಡುತ್ತದೋ ಅದು ಆ ವಾರದ ಯಜಮಾನ.

ಈ ಪಂದ್ಯಕ್ಕೆ ತೀರ್ಪುಗಾರರಾಗಿ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದವರು ಸೀಲಪ್ಪನವರ ತಾಯಿ. ತೀರ್ಪುಗಾರರಿಗೆ ಇರಬಾರದ ಪಕ್ಷಪಾತವೆಲ್ಲ ಅವರಿಗಿತ್ತು. ಅವರ ಒಲವು ಹಸಿರು ಕಪ್ಪೆಯ ಮೇಲೆ. ಆ ಕಪ್ಪೆಗೆ ಹನ್ನೊಂದು ಸುತ್ತು ಕೀ ಕೊಡಬೇಕು. ನಾಲ್ಕು ಸಲ ಕುಪ್ಪಳಿಸಿ ನಿಂತುಬಿಡುತ್ತಿತ್ತು. ಸೋತಿತು ಎಂದು ಎತ್ತಲು ಹೋದರೆ ಅಜ್ಜಿ ಕೋಲು ಅಡ್ಡ ಹಿಡಿಯುತ್ತಿದ್ದರು. "ಮುಟ್ಟಬೇಡ. ಅದು ನಿಂತಿಲ್ಲ, ಯೋಚನೆ ಮಾಡ್ತಿದೆ." ಒಂದು ನಿಮಿಷವೋ ಒಂದು ಗಂಟೆಯೋ, ಕಪ್ಪೆ ತನಗೆ ತೋಚಿದಾಗ ಮತ್ತೆ ಕುಪ್ಪಳಿಸುತ್ತಿತ್ತು. ಒಮ್ಮೆ ಅದರ ಹೊಟ್ಟೆಯ ತಗಡು ಕಳಚಿತು. ಸೀಲಪ್ಪನವರು ಅರಗು ಬಿಟ್ಟು ಅಂಟಿಸಿದರು. ಒತ್ತಲು ಏನೂ ಸಿಗದೆ ಅತ್ತಿತ್ತ ನೋಡುವಷ್ಟರಲ್ಲಿ ಅಜ್ಜಿ ತಮ್ಮ ಹೆಬ್ಬೆರಳನ್ನೇ ಒತ್ತಿಬಿಟ್ಟರು. "ನಿನ್ನ ಹದಿನಾಲ್ಕು ನಿನ್ನ ಆಫೀಸಿನಲ್ಲಿರಲಿ. ಇದು ನನ್ನ ನಂಬರು."

ಅಜ್ಜಿ ದೇವರ ಪಾದ ಸೇರಿ ಈಗ ಒಂಬತ್ತು ತಿಂಗಳು. ಬೆತ್ತದ ಕುರ್ಚಿ ಹಾಗೇ ಇದೆ. ಭಾನುವಾರಗಳಲ್ಲಿ ಕಪ್ಪೆಯೇ ಗೆಲ್ಲುತ್ತದೆ. ಅದರ ಬಗ್ಗೆ ಆ ಮನೆಯಲ್ಲಿ ತಕರಾರಿಲ್ಲ.

ಹೀಗಿರಲು ಮೇಲಿನ ಮನೆಗೆ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು ಬಾಡಿಗೆಗೆ ಬಂದರು. ಒಂಟಿ ಮನುಷ್ಯ. ಬಂದ ವಾರದಲ್ಲೇ ಸೀಲಪ್ಪನವರನ್ನೂ ಮಗಳನ್ನೂ ಚಹಾಕ್ಕೆ ಕರೆದರು. ಅವರ ನಡುಮನೆಯಲ್ಲಿ ಗೋಡೆಯುದ್ದದ ಗಾಜಿನ ಕಪಾಟು. ಅದರೊಳಗೆ ಸಾಲಾಗಿ ಇನ್ನೂರು ಆಟಿಕೆ ಕಾರುಗಳು, ಒಂದೊಂದೂ ಅದರದರ ಡಬ್ಬಿಯಲ್ಲಿ.

"ಇವು ಓಡ್ತಾವಾ?" ಎಂದು ಮಗಳು ಕೇಳಿದಳು.

ಮ್ಯಾನೇಜರು ಅನುಕಂಪದಿಂದ ನಕ್ಕರು. "ಡಬ್ಬಿ ತೆಗೆದ್ರೆ ತಾನೇ ಮಗೂ ಓಡೋದು. ಇವನ್ನ ಒಂದು ಸಲಾನೂ ತೆಗೆದಿಲ್ಲ. ತೆಗೆದ್ರೆ ಅದು ಆಟದ ಸಾಮಾನು. ತೆಗೀದೇ ಇದ್ರೆ ಸಂಗ್ರಹ." ಆಮೇಲೆ ಸೀಲಪ್ಪನವರ ಕಡೆ ತಿರುಗಿ, "ನಿಮಗೂ ಈ ಅಭಿರುಚಿ ಇದೆ ಅಂತ ಕೇಳಿದೆ. ನಿಮ್ಮಲ್ಲಿ ತೆರೆಯದೇ ಇರೋದು ಎಷ್ಟಿದೆ ಸ್ವಾಮಿ?" ಎಂದರು.

ತಲೆಯಿಲ್ಲದ ಸಿಪಾಯಿಯನ್ನು ನೆನೆದು ಸೀಲಪ್ಪನವರಿಗೆ ಬೆವರು ಬಂತು. "ಒಂದಿದೆ" ಎಂದುಬಿಟ್ಟರು.

"ಏನದು?"

"ತೆರೆದಿದ್ರೆ ತಾನೇ ಗೊತ್ತಾಗೋದು."

ಮ್ಯಾನೇಜರು ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಇನ್ನೂರು ಕಾರುಗಳ ಒಡೆಯರಾದ ಅವರಿಗೂ ತಮ್ಮ ಪೆಟ್ಟಿಗೆಗಳಲ್ಲಿ ಏನಿದೆ ಎಂಬುದು ಗೊತ್ತಿತ್ತು. ಅದೂ ಗೊತ್ತಿಲ್ಲದ ವೈರಾಗ್ಯವನ್ನು ಅವರು ಇದೇ ಮೊದಲು ಕಂಡದ್ದು. "ಭಾನುವಾರ ಬರ್ತೀನಿ. ಒಂದು ಸಲ ಕಣ್ಣಲ್ಲಿ ನೋಡಬೇಕು" ಎಂದರು. ಯಾವ ಕೆಲಸದಲ್ಲಿದ್ದೀರಿ ಎಂದು ಕೇಳಿದಾಗ ಸೀಲಪ್ಪನವರು, ಹೇಗೂ ಸುಳ್ಳಿನ ಬಾಗಿಲು ತೆರೆದಾಗಿದೆ ಎಂದು, "ಆಡಳಿತ" ಎಂದೂ ಸೇರಿಸಿದರು.

ಮೆಟ್ಟಿಲು ಇಳಿಯುವಾಗ ಮಗಳು ಕೇಳಿದಳು. "ಅಪ್ಪ, ನಮ್ಮ ಹತ್ರ ತೆರೀದೇ ಇರೋದು ಯಾವುದು?"

"ಇನ್ನು ಮೇಲೆ ಆಗತ್ತೆ ಮರಿ."

ಮನೆಯಲ್ಲಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಆರಿಸಿದರು. ಅದರೊಳಗೆ ಏನಾದರೂ ಇರಬೇಕು. ಅಲ್ಲಾಡಿಸಿದರೆ ತೂಕ ಗೊತ್ತಾಗಬೇಕು. ಸಿಪಾಯಿ ಹಗುರ. ಕಾರು ದೊಡ್ಡದು. ಕೋತಿಯ ಕೈ ಹೊರಗೆ ಬರುತ್ತಿತ್ತು. ಅಳತೆಗೆ ಸರಿಯಾಗಿ ಕೂತದ್ದು ಕಪ್ಪೆ ಒಂದೇ. ಮಗಳು ಬಹಳ ಹೊತ್ತು ಯೋಚಿಸಿ ಒಪ್ಪಿದಳು, ಒಂದು ಷರತ್ತಿನ ಮೇಲೆ. "ಭಾನುವಾರ ಮೂರು ಗಂಟೆಗೆ ಆಚೆ ಬರಬೇಕು. ಆಣೆ?" "ಆಣೆ." ಒಳಗೆ ಅದಕ್ಕೆ ಬೇಜಾರಾಗಬಾರದೆಂದು ಅವಳೇ ಹನ್ನೊಂದು ಸುತ್ತು ಕೀ ಕೊಟ್ಟು ಇಟ್ಟಳು. ಕಪ್ಪೆ ಯೋಚಿಸುತ್ತಾ ಕೂತಿತು.

ಶನಿವಾರ ಸೀಲಪ್ಪನವರು ಆ ರಟ್ಟಿನ ಪೆಟ್ಟಿಗೆಯನ್ನು ಕಂದು ಕಾಗದದಲ್ಲಿ ಸುತ್ತಿ ಊಟದ ಡಬ್ಬಿಯ ಜೊತೆ ಕಚೇರಿಗೆ ಒಯ್ದರು. ಅರಗು ಅಲ್ಲಿಯೇ ಚೆನ್ನ. ಒತ್ತಲು ಕೋಟಿನ ಗುಂಡಿಯೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಅಷ್ಟು ಪ್ರಾಮಾಣಿಕತೆ ಅವರಿಗಿತ್ತು. ಆದರೆ ಹುರಿ ಬಿಗಿದು, ಅರಗು ತೊಟ್ಟಿಕ್ಕಿ, ಅದು ಹದಕ್ಕೆ ಬಂದ ಕ್ಷಣದಲ್ಲಿ ಇಪ್ಪತ್ತೆರಡು ವರ್ಷದ ಕೈ ಯಜಮಾನನ ಅಪ್ಪಣೆಗೆ ಕಾಯಲಿಲ್ಲ. ಗುಂಡಿ ಜೇಬಿನಲ್ಲೇ ಉಳಿಯಿತು. ಸೀಲಪ್ಪನವರು ನೋಡಿದಾಗ ಹದಿನಾಲ್ಕು ನಂಬರು ಅರಗಿನ ಮೇಲೆ ಹೂವಿನ ಹಾಗೆ ಅರಳಿತ್ತು. ಅಂಥ ಮುದ್ರೆ ಅವರ ಕೈಯಿಂದ ಹಿಂದೆಂದೂ ಬಿದ್ದಿರಲಿಲ್ಲ. ಅಳಿಸಲು ಮನಸ್ಸು ಬರಲಿಲ್ಲ.

ಭಾನುವಾರ ಎರಡು ಗಂಟೆಗೆ ಮ್ಯಾನೇಜರು ಭೂತಗನ್ನಡಿ ಹಿಡಿದುಕೊಂಡು ಇಳಿದು ಬಂದರು. ಪೆಟ್ಟಿಗೆಯನ್ನು ಸುತ್ತ ನೋಡಿದರು. ಮುದ್ರೆಯ ಹತ್ತಿರ ಬಂದು ನಿಂತುಬಿಟ್ಟರು.

"ಅರಗು ನೋಡಿ. ನಿನ್ನೆ ಹಾಕಿದ ಹಾಗೆ ಹೊಳೀತಿದೆ. ಹಳೇ ಕಾಲದೋರ ಕೈಗುಣ ಸ್ವಾಮಿ. ಈಗಿನ ಸಿಬ್ಬಂದಿಗೆ ಇದೆಲ್ಲಿ ಬರಬೇಕು?"

ಹೊಗಳಿಕೆಗೆ ಉಬ್ಬಬೇಕೋ ಬೈಗುಳಕ್ಕೆ ಕುಗ್ಗಬೇಕೋ ತಿಳಿಯದೆ ಸೀಲಪ್ಪನವರು ಅರ್ಧ ಉಬ್ಬಿ ನಿಂತರು.

"ಪಾರ್ಸೆಲ್ ಕಚೇರಿ, ನಂಬರು ಹದಿನಾಲ್ಕು" ಎಂದು ಮ್ಯಾನೇಜರು ಓದಿದರು. ಆಮೇಲೆ ಅವರ ಮುಖ ಗಂಭೀರವಾಯಿತು. "ಅಂದ್ರೆ ಇದು ಸಂಗ್ರಹ ಅಲ್ಲ. ಪಾರ್ಸೆಲ್ಲು. ಯಾರಿಗೋ ಸೇರಬೇಕಾದ್ದು, ಸೇರಿಲ್ಲ. ಪಾಪ, ಯಾವ ಜೀವ ಇದಕ್ಕೆ ಕಾದು ಕಾದು ಹೋಯ್ತೋ. ಇದನ್ನ ಕಚೇರಿಗೆ ಒಪ್ಪಿಸೋದು ನಮ್ಮ ಧರ್ಮ."

"ಅದೇನಂದ್ರೆ..." ಎಂದು ಸೀಲಪ್ಪನವರು ಬಾಯಿ ತೆರೆದರು.

"ಗೊತ್ತು. ನಿಮಗೆ ಬಿಡೋಕೆ ಕಷ್ಟ. ಆದ್ರೂ ನಿಮ್ಮಂಥ ನಿಷ್ಠಾವಂತರು ಬೇಡ ಅಂತೀರಾ?"

"ಹಾಗಲ್ಲ, ನಾನು ಏನು ಹೇಳ್ತೀನಿ ಅಂದ್ರೆ..."

"ನೀವು ಹೇಳೋದೇ ಬೇಡ. ಆಡಳಿತದಲ್ಲಿರೋರು ನೀವು."

ಅಡುಗೆಮನೆಯ ಬಾಗಿಲಿನಿಂದ ಹೆಂಡತಿ, "ಹೇಳ್ರೀ" ಎಂದಳು. ಸೀಲಪ್ಪನವರು ಹೇಳಿದ್ದು, "ಇನ್ನೊಂದು ಸ್ವಲ್ಪ ಚಹಾ ತಗೊಳ್ಳಿ." ಮ್ಯಾನೇಜರು ಚಹಾ ಕುಡಿದು, ಪೆಟ್ಟಿಗೆಯನ್ನು ಎದೆಗವಚಿಕೊಂಡು, ಮರುದಿನದವರೆಗೆ ತಮ್ಮ ಗಾಜಿನ ಕಪಾಟಿನಲ್ಲಿ ಭದ್ರವಾಗಿಡಲು ಒಯ್ದರು.

ಮೂರು ಗಂಟೆ ಹೊಡೆಯಿತು. ಮಗಳು ಹದಿನಾರು ಆಟಿಕೆಗಳನ್ನು ಸಾಲಾಗಿ ನಿಲ್ಲಿಸಿದಳು. ಒಂದಕ್ಕೂ ಕೀ ಕೊಡಲಿಲ್ಲ. ಬೆತ್ತದ ಕುರ್ಚಿಯನ್ನು ಒಂದು ಸಲ ನೋಡಿ, ಹದಿನಾರನ್ನೂ ತೆಗೆದು ಪೆಟ್ಟಿಗೆಗೆ ಹಾಕಿದಳು. ಅವಳು ಅಳಲಿಲ್ಲ. ಅತ್ತಿದ್ದರೆ ಸೀಲಪ್ಪನವರಿಗೆ ಅನುಕೂಲವಾಗುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಅವಳು ಹೇಳಿದಳು. "ಅಮ್ಮ, ಅವರಿಗೆ ಊಟಕ್ಕೆ ಬರಬೇಕಂತೆ ಅಂತ ಹೇಳು."

"ಯಾರಿಗೆ?"

"ಅಲ್ಲಿ ಕೂತಿದ್ದಾರಲ್ಲ, ಆಡಳಿತದೋರು."

ಸೋಮವಾರ ಶಾಲೆಗೆ ರಜೆಯಿತ್ತು. ಮೂವರೂ ಪಾರ್ಸೆಲ್ ಕಚೇರಿಗೆ ಹೊರಟರು. ಮುಂದೆ ಮ್ಯಾನೇಜರು, ಅವರ ಕೈಯಲ್ಲಿ ಪೆಟ್ಟಿಗೆ. ಅವರ ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಕಣ್ಣಿಟ್ಟ ಮಗಳು. ಹತ್ತು ಹೆಜ್ಜೆ ಹಿಂದೆ ಕೊಡೆ ಹಿಡಿದ ಸೀಲಪ್ಪನವರು. ತನ್ನ ಕಚೇರಿಗೆ ತಾನೇ ಹೀಗೆ ಕಳ್ಳಹೆಜ್ಜೆ ಇಟ್ಟು ಹೋಗುವ ಯೋಗ ಎಷ್ಟು ಜನಕ್ಕೆ ಬರುತ್ತದೆ?

ಕಚೇರಿಯ ಮೇಲ್ವಿಚಾರಕರು ಸಣಕಲು ಮನುಷ್ಯ. ನಿಯಮಾವಳಿಯ ದಪ್ಪ ಪುಸ್ತಕ ಅವರ ಮೇಜಿನ ಮೇಲೆ ಇಲ್ಲದಿದ್ದರೆ ಫ್ಯಾನಿನ ಗಾಳಿಗೆ ಅವರೇ ಹಾರಿಹೋಗುವರೇನೋ ಎನಿಸುತ್ತಿತ್ತು. ಮ್ಯಾನೇಜರ ಮಾತು ಪೂರ್ತಿ ಕೇಳಿಕೊಂಡು ಅವರು ಬಾಗಿಲ ಕಡೆ ಕೂಗಿದರು. "ಬನ್ರೀ ಸೀಲಪ್ಪ, ಹಿಂದೆ ಯಾಕೆ ನಿಂತಿದ್ದೀರಿ? ಈ ಮುದ್ರೆ ನೋಡಿ ಹೇಳಿ. ಸ್ವಾಮಿ, ಇವರಿಗಿಂತ ತಿಳಿದವರು ಯಾರೂ ಇಲ್ಲ. ಹದಿನಾಲ್ಕು ಇವರ ಕೈಲೇ ಇರೋದು."

ಮ್ಯಾನೇಜರು ನಿಧಾನವಾಗಿ ತಿರುಗಿದರು. "ಆಡಳಿತ ಅಂದ್ರಿ?"

"ಅದರದೇ ಒಂದು ಭಾಗ" ಎಂದರು ಸೀಲಪ್ಪನವರು.

"ಮುದ್ರೆ ಅಸಲಿಯೋ ನಕಲಿಯೋ?" ಎಂದು ಮೇಲ್ವಿಚಾರಕರು ಪುಸ್ತಕ ತೆರೆದರು. "ನಕಲಿಯಾದ್ರೆ ಪೊಲೀಸಿಗೆ ಹೋಗತ್ತೆ. ಅಸಲಿಯಾದ್ರೆ, ವಿಳಾಸ ಇಲ್ಲದ್ದರಿಂದ ವಾರಸುದಾರರಿಲ್ಲದ ಮಾಲಿನ ಕೋಣೆಗೆ. ಒಂದು ವರ್ಷ ಯಾರೂ ಬರದಿದ್ರೆ ನಾಶ."

ಸೀಲಪ್ಪನವರು ಮುದ್ರೆಯನ್ನು ನೋಡಿದರು. ಅವರ ಕಣ್ಣಿಗೆ ಅದರಲ್ಲಿ ಕುಂದು ಕಾಣಲಿಲ್ಲ. "ಅಸಲಿ" ಎಂದರೆ ಕಪ್ಪೆ ಹೋಗುತ್ತದೆ. "ನಕಲಿ" ಎನ್ನಲು ಕಸುಬು ಬಿಡದು. ಅವರು ಎರಡನೆಯ ಸಲ ಮುದ್ರೆಯ ಮೇಲೆ ಬಗ್ಗಿದಾಗ, ಎರಡು ದಿನದಿಂದ ಯೋಚಿಸುತ್ತಿದ್ದ ಕಪ್ಪೆ ಒಂದು ತೀರ್ಮಾನಕ್ಕೆ ಬಂತು.

ಟಕ್, ಟಕ್. ಪೆಟ್ಟಿಗೆ ಮೇಜಿನ ಮೇಲೆ ಎರಡು ಬೆರಳಷ್ಟು ಸರಿಯಿತು.

ಮೇಲ್ವಿಚಾರಕರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. "ಜೀವ ಇದೆ" ಎಂದರು. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತವರು ಸಾಲು ಮುರಿದು ಒಳಗೆ ಬಗ್ಗಿದರು. ಬೆಕ್ಕಿನ ಮರಿ ಎಂದರು ಒಬ್ಬರು. ಆಮೆಯೇ ಇರಬೇಕು, ಇಷ್ಟು ವರ್ಷ ಬದುಕುವುದು ಅದೊಂದೇ ಎಂದರು ಇನ್ನೊಬ್ಬರು. ಜೀವವಿರುವ ಪಾರ್ಸೆಲ್ಲಿಗೆ ಬೇರೆಯೇ ಅಧ್ಯಾಯವಿತ್ತು. ಅದರ ಪ್ರಕಾರ ಎದುರು ಕಟ್ಟಡದ ಪಶುವೈದ್ಯರಿಗೆ ಹೇಳಿಕಳಿಸಲಾಯಿತು.

ಪಶುವೈದ್ಯರು ಬಂದು ಸ್ಟೆತೊಸ್ಕೋಪನ್ನು ಪೆಟ್ಟಿಗೆಯ ನಾಲ್ಕು ಬದಿಗೂ ಇಟ್ಟರು. ಟಕ್ ಎಂದಿತು ಪೆಟ್ಟಿಗೆ.

"ನಾಡಿ ಇದೆ. ನಿಂತ್ಕೊಂಡು ನಿಂತ್ಕೊಂಡು ಹೊಡ್ಕೊಳ್ತಿದೆ. ವಯಸ್ಸಾಗಿದೆ ಅನ್ಸತ್ತೆ."

"ಯಾವ ಪ್ರಾಣಿ ಡಾಕ್ಟ್ರೇ?"

"ಅದು ಹೇಳಲ್ಲ, ನಾನೂ ಹೇಳಲ್ಲ. ಮೊದಲು ಗಾಳಿ ಬೇಕು. ದಬ್ಬಳ ತರಿಸಿ, ಮೇಲಿಂದ ಹತ್ತು ತೂತು ಹಾಕೋಣ. ಸ್ವಲ್ಪ ಜೋರಾಗೇ ಚುಚ್ಚಬೇಕು, ರಟ್ಟು ದಪ್ಪ ಇದೆ."

ಗೋಣಿ ಹೊಲಿಯುವ ದಬ್ಬಳ ಬಂತು. ವೈದ್ಯರು ಅದನ್ನು ಮುಷ್ಟಿಯಲ್ಲಿ ಹಿಡಿದು ತೋಳು ಮೇಲೆತ್ತಿದರು. ನಿನ್ನೆ ಮಧ್ಯಾಹ್ನದಿಂದ ಅಪ್ಪನ ಮುಖ ನೋಡದ ಮಗಳು ಆಗ ನೋಡಿದಳು.

"ಚುಚ್ಚಬೇಡಿ" ಎಂದರು ಸೀಲಪ್ಪನವರು. ತಮ್ಮ ಕೈಯನ್ನೇ ಪೆಟ್ಟಿಗೆಯ ಮೇಲೆ ಅಡ್ಡ ಇಟ್ಟಿದ್ದರು. "ಅದು ಕಪ್ಪೆ. ತಗಡಿಂದು. ಅರಗು ಆಫೀಸಿಂದು, ಕೈ ನಂದು, ಕಪ್ಪೆ ನನ್ನ ಮಗಳದು. ಮುದ್ರೆ ಅಸಲಿ, ನಾನೇ ಶನಿವಾರ ಊಟದ ಹೊತ್ತಲ್ಲಿ ಒತ್ತಿದ್ದು. ಇವರ ಹತ್ರ ತೆರೀದೇ ಇರೋ ಇನ್ನೂರು ಕಾರಿದೆ ಸಾರ್. ನನ್ನ ಹತ್ರ ಒಂದೂ ಇರಲಿಲ್ಲ. ನಾನು ಆಡಳಿತದಲ್ಲೂ ಇಲ್ಲ."

ಕೊನೆಯ ಮಾತನ್ನು ಹೇಳಿ ಎಂದು ಯಾರೂ ಕೇಳಿರಲಿಲ್ಲ. ಆದರೂ ಬಾಯಿ ತೆರೆದ ಮೇಲೆ ಅದು ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕಿತು. ಪಶುವೈದ್ಯರು ನಾಡಿ ಹಿಡಿದ ವಿಷಯವನ್ನು ಯಾರಾದರೂ ಎತ್ತುವ ಮುಂಚೆಯೇ ದಬ್ಬಳವನ್ನು ಮೇಜಿನ ಮೇಲಿಟ್ಟು, ಎದುರು ಕಟ್ಟಡದಲ್ಲಿ ಎಮ್ಮೆ ಕಾಯುತ್ತಿದೆ ಎಂದು ಹೊರಟುಹೋದರು.

ಮೇಲ್ವಿಚಾರಕರು ಹದಿನಾಲ್ಕು ನಂಬರಿನ ಹಿತ್ತಾಳೆ ಮುದ್ರೆಯನ್ನು ತರಿಸಿ ತಮ್ಮ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದರು. "ಒಂದು ವಾರ ಇದು ಇಲ್ಲಿರತ್ತೆ. ನೀವು ಅಷ್ಟು ದಿನ ಗೋಣಿ ಹೊಲೀರಿ. ಇನ್ನು ಈ ಪೆಟ್ಟಿಗೆ. ಒಳಗೆ ಕಪ್ಪೆ ಅನ್ನೋಕೆ ನಿಮ್ಮ ಮಾತು ಸಾಲದು. ನಿಮ್ಮ ಮಾತು ಹೇಗಿದೆ ಅಂತ ಈಗ ತಾನೇ ನೋಡಿದ್ವಿ. ವಾರಸುದಾರರು ತೆರೆಯೋ ಮುಂಚೆ ಗುರುತು ಹೇಳಬೇಕು."

ವಾರಸುದಾರಳು ಮುಂದೆ ಬಂದಳು. ಮೇಜು ಅವಳ ಗದ್ದದವರೆಗೆ ಬರುತ್ತಿತ್ತು.

"ಹಸಿರು ಬಣ್ಣ. ಎಡಗಣ್ಣು ಅಮ್ಮನ ಉಗುರಿನ ಬಣ್ಣ ಹಚ್ಚಿದ್ದು, ಕೆಂಪು. ಹನ್ನೊಂದು ಸುತ್ತು ಕೊಡಬೇಕು. ನಾಲ್ಕು ಸಲ ಹಾರಿ ನಿಲ್ಲತ್ತೆ. ನಿಂತಿದ್ದಲ್ಲ, ಯೋಚನೆ ಮಾಡೋದು. ಹೊಟ್ಟೆ ಕೆಳಗೆ ಅರಗಿದೆ. ಅದರ ಮೇಲೆ ಅಜ್ಜಿ ಹೆಬ್ಬೆಟ್ಟಿದೆ."

"ಅಜ್ಜಿ ಬಂದು ಹೇಳಬಹುದಾ?"

"ಅಜ್ಜಿ ಇಲ್ಲ" ಎಂದಳು. "ಹೆಬ್ಬೆಟ್ಟಿದೆ."

ಮೇಲ್ವಿಚಾರಕರು ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದರು. "ಒಡೀರಿ" ಎಂದರು ಸೀಲಪ್ಪನವರಿಗೆ. ಸೀಲಪ್ಪನವರು ಪೆಟ್ಟಿಗೆಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಲಕ್ಷ ಮುದ್ರೆ ಒತ್ತಿದ ಆ ಮನುಷ್ಯ ಜನ್ಮದಲ್ಲಿ ಒಂದನ್ನೂ ಒಡೆದಿರಲಿಲ್ಲ. ಮಗಳು ಕೂದಲಿನ ಪಿನ್ನು ತೆಗೆದು ಅರಗಿನ ಕೆಳಗೆ ತೂರಿಸಿ ಒಂದು ಸಲ ಮೀಟಿದಳು. ಹದಿನಾಲ್ಕು ನಂಬರು ಎರಡು ಏಳಾಗಿ ಮೇಜಿನ ಮೇಲೆ ಬಿತ್ತು.

ಕಪ್ಪೆ ಹೊರಗೆ ಬಂತು. ಬೆಳಕಿಗೆ ಒಂದು ಕ್ಷಣ ಕಣ್ಣು ಹೊಂದಿಸಿಕೊಂಡಂತೆ ಕೂತು, ಶಾಯಿಯ ಪ್ಯಾಡಿಗೆ ಒಂದು ಕಾಲಿಟ್ಟು, ತೆರೆದಿದ್ದ ದಫ್ತರಿನ ಮೇಲೆ ಕುಪ್ಪಳಿಸುತ್ತ ಹೋಗಿ, ನಿಯಮಾವಳಿಗೆ ಡಿಕ್ಕಿ ಹೊಡೆದು ಮಗುಚಿಕೊಂಡಿತು. ಹೊಟ್ಟೆ ಮೇಲಾಯಿತು. ಕೆಂಪು ಅರಗಿನ ಮೇಲೆ ಗೆರೆ ಗೆರೆಯಾಗಿ ಒಂದು ಹೆಬ್ಬೆಟ್ಟು.

ಮೇಲ್ವಿಚಾರಕರು ಮ್ಯಾನೇಜರ ಭೂತಗನ್ನಡಿ ಬೇಡಿ ಪಡೆದು ಅದನ್ನು ನೋಡಿದರು. ಆಮೇಲೆ ದಫ್ತರಿನಲ್ಲಿ ನೀಟಾಗಿ ಬರೆದರು: ಕಪ್ಪೆ, ತಗಡಿನದು, ಒಂದು. ಗುರುತು, ಹೆಬ್ಬೆಟ್ಟು, ಸರಿಯಾಗಿದೆ.

"ಆದ್ರೆ ಹೀಗೇ ಕೈಗೆ ಕೊಡೋ ಹಾಗಿಲ್ಲ" ಎಂದರು. "ಮುದ್ರೆ ಒಡೆದ ಮಾಲನ್ನ ಮತ್ತೆ ಮುದ್ರೆ ಹಾಕಿಯೇ ವಾರಸುದಾರರಿಗೆ ಒಪ್ಪಿಸಬೇಕು. ನಿಯಮ."

"ಮುದ್ರೆ ನಿಮ್ಮ ಡ್ರಾಯರಿನಲ್ಲಿದೆ ಸಾರ್."

"ಅದು ಒಂದು ವಾರ ಹೊರಗೆ ಬರಲ್ಲ. ಅದೂ ನಿಯಮ."

ಎರಡು ನಿಯಮಗಳು ಮುಖಾಮುಖಿ ನಿಂತಾಗ ಇಡೀ ಕಚೇರಿ ಸ್ತಬ್ಧವಾಯಿತು. ಸೀಲಪ್ಪನವರೇ ಮೊದಲು ಕದಲಿದರು. ಕಪ್ಪೆಯನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಹುರಿ ಬಿಗಿದು, ಮೋಂಬತ್ತಿ ಹಚ್ಚಿ, ಅರಗಿನ ನಾಲ್ಕು ತೊಟ್ಟು ಬೀಳಿಸಿದರು. ಊದಿ ಊದಿ ಆರಿಸಿದರು. ತಮ್ಮ ಕೆನ್ನೆ ಹತ್ತಿರ ಹಿಡಿದು ಬಿಸಿ ನೋಡಿದರು. ಮಗಳ ಕೈ ಹಿಡಿದು ಹೆಬ್ಬೆರಳನ್ನು ಒದ್ದೆ ಬಟ್ಟೆಗೆ ತಾಗಿಸಿದರು.

"ಒತ್ತು ಮರಿ."

ಅವಳು ಒತ್ತಿದಳು. "ಇದು ನನ್ನ ನಂಬರು" ಎಂದಳು. ಮೇಲ್ವಿಚಾರಕರು ಪುಸ್ತಕದಲ್ಲಿ ಇದಕ್ಕೆ ವಿರೋಧವಾದದ್ದು ಏನಾದರೂ ಇದೆಯೇ ಎಂದು ಹುಡುಕಿದರು. ಇರಲಿಲ್ಲ.

ಹೊರಗೆ ಬಂದು ಕಚೇರಿಯ ಮೆಟ್ಟಿಲಿನ ಮೇಲೆ ಅವಳು ಪೆಟ್ಟಿಗೆಯನ್ನು ಅಪ್ಪನ ತೊಡೆಯ ಮೇಲಿಟ್ಟಳು. "ಈ ಸಲ ನೀನೇ ಒಡಿ."

"'ಅಮ್ಮ, ಅವರಿಗೆ ಹೇಳು' ಅನ್ನಲಿಲ್ಲವಲ್ಲ ಈ ಸಲ" ಎಂದರು ಸೀಲಪ್ಪನವರು.

"ಒಡಿ ಅಪ್ಪ, ಮೂರು ಗಂಟೆ ನಿನ್ನೇನೇ ಆಯ್ತು."

ಅವರು ಒಡೆಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತಾವೇ ಹಾಕಿದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಹೆಬ್ಬೆಟ್ಟಿದ್ದ ಅರಗನ್ನು ಹುರಿಯ ಸಮೇತ ಇಡಿಯಾಗಿ ಕಳಚಿ, ಕೋಟಿನ ಗುಂಡಿಯಿದ್ದ ಜೇಬಿನಲ್ಲಿ ಇಟ್ಟುಕೊಂಡರು. ಮಗಳು ಕಪ್ಪೆಗೆ ಹನ್ನೊಂದು ಸುತ್ತು ಕೀ ಕೊಟ್ಟು ಮೆಟ್ಟಿಲಿನ ಮೇಲೆ ಬಿಟ್ಟಳು. ಅದು ನಾಲ್ಕು ಸಲ ಕುಪ್ಪಳಿಸಿ ಅಂಚಿಗೆ ಬಂದು ನಿಂತಿತು.

ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದ ಮ್ಯಾನೇಜರು ಮುಂದೆ ಬಗ್ಗಿ ನೋಡಿದರು. "ನಿಂತುಹೋಯ್ತಲ್ಲ ಸ್ವಾಮಿ."

ಅವರು ಎತ್ತಿಕೊಳ್ಳಲು ಚಾಚಿದ ಕೈಗೆ ಸೀಲಪ್ಪನವರು ಕೊಡೆ ಅಡ್ಡ ಹಿಡಿದರು. "ಮುಟ್ಟಬೇಡಿ. ಯೋಚನೆ ಮಾಡ್ತಿದೆ."

ಮ್ಯಾನೇಜರು ಕರವಸ್ತ್ರ ಹಾಸಿಕೊಂಡು ಮೆಟ್ಟಿಲಿನ ಮೇಲೆ ಕೂತರು. "ಎಷ್ಟು ಹೊತ್ತು ಮಾಡತ್ತೆ?" ಎಂದು ಕೇಳಿದರು.